ಪುಂಡಿಪಲ್ಯದ ಉಪ್ಪು

ಪುಂಡಿಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಹೇಳಿ ಯಾರದೋ ಮದುವೆ ಮುರಿಯುವ ಮಟ್ಟಕ್ಕೆ ಹೋದವನು ನಾನು. ಹೇಳಿದ್ದು ಸುಳ್ಳಲ್ಲ, ಉಪ್ಪು ಜಾಸ್ತಿಯೇ ಇತ್ತು. ಹೇಳಿದ ಜಾಗ ಮಾತ್ರ ತಪ್ಪಾಗಿತ್ತು.

ಬಸವಕಲ್ಯಾಣದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತು. ಗಿರಾಕಿ ಒಳಗೆ ಬಂದರೆ ನಾನು ಹೊರಗೆ ಹೋಗಿ ನಿಲ್ಲಬೇಕು. ಒಂದು ದಿನ ಸಾಮಾನು ತರಲು ಹುಮನಾಬಾದಿಗೆ ಹೊರಟಿದ್ದಾಗ ಗೆಳೆಯನೊಬ್ಬ ಅಲ್ಲಿನ ಖಾನಾವಳಿಯೊಂದರ ಗುರುತು ಹೇಳಿದ.

"ಬೋರ್ಡ್ ಗೀರ್ಡ್ ಏನಿಲ್ಲ. ಬೇವಿನ ಗಿಡದ ಎದುರಿನ ಮನಿ. ಏನೂ ಕೇಳಬ್ಯಾಡ, ಸೀದಾ ಒಳಗ ಹೋಗಿ ಕುಂದುರು. ಅವ್ವಾರು ತಾವಾಗೇ ನೀಡ್ತಾರ."

ಹುಟ್ಟಿದಾಗಿನಿಂದ ಯಾರ ಮಾತನ್ನೂ ಪೂರ್ತಿ ಕೇಳಿದವನಲ್ಲ ನಾನು. ಅವತ್ತು ಒಂದಕ್ಷರ ಬಿಡದೆ ಪಾಲಿಸಿದೆ.

ಹೊರಗೆ ಚಪ್ಪಲಿಗಳ ರಾಶಿ. ಖಾನಾವಳಿ ಜೋರಾಗಿ ನಡೆದಿದೆ ಎಂದು ಖುಷಿಯಾಯಿತು. ಬಾಗಿಲು ಅರ್ಧ ಮುಚ್ಚಿತ್ತು, ತಳ್ಳಿದೆ. ಒಳಗೆ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಉದ್ದಕ್ಕೆ ಜಮಖಾನೆ ಹಾಸಿ, ಅದರ ಮೇಲೆ ಗಂಡಸರು ಸಾಲಾಗಿ ಊಟಕ್ಕೆ ಕುಳಿತಿದ್ದರು. ಎಲ್ಲರದೂ ಇಸ್ತ್ರಿ ಬಟ್ಟೆ. ಒಬ್ಬನ ಅಂಗಿಯಂತೂ ಆಗಷ್ಟೇ ಡಬ್ಬಿಯಿಂದ ತೆಗೆದಂತೆ ಮಡಿಕೆ ಮಡಿಕೆಯಾಗಿತ್ತು. ಹುಮನಾಬಾದಿನವರು ಮಧ್ಯಾಹ್ನದ ರೊಟ್ಟಿಗೂ ಇಷ್ಟು ಸಿಂಗಾರವಾಗಿ ಬರುತ್ತಾರಲ್ಲ ಎಂದುಕೊಂಡು, ನನ್ನ ಅಂಗಿಯ ಮೇಲಿನ ಗೋಂದಿನ ಕಲೆಯನ್ನು ಕೈಯಿಂದ ಮುಚ್ಚಿಕೊಂಡೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಯಜಮಾನಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಊಟಕ್ಕ ಬಂದೀಯೇನು ತಮ್ಮಾ?"

"ಹೌದ್ರಿ ಅವ್ವಾರ. ಕಲ್ಯಾಣದಿಂದ ಬಂದೀನ್ರಿ. ಭಾಳ ಹಸಿವಾಗ್ಯಾದ."

"ಇವತ್ತ..." ಎಂದವರು ಮಾತನ್ನು ಅಲ್ಲೇ ನುಂಗಿಕೊಂಡರು. "ಇರಲಿ. ಉಣ್ಣೋ ಹೊತ್ತಿಗಿ ಬಾಗಲಿಗಿ ಬಂದಾವನ್ನ ಹೊಳ್ಳಿ ಕಳಸಬಾರದು. ಆ ಮೂಲ್ಯಾಗ ಕುಂದುರು."

ಮೂಲೆಯಲ್ಲಿ ಫ್ಯಾನಿನ ಗಾಳಿ ಬರುತ್ತಿರಲಿಲ್ಲ. ನಾನು ಹೋಗಿ ಸಾಲಿನ ನಡುವೆ, ರುಮಾಲು ಸುತ್ತಿದ ಒಬ್ಬ ಹಿರಿಯರ ಮಗ್ಗುಲಲ್ಲಿ ತೂರಿಕೊಂಡು ಕುಳಿತೆ.

ಅಲ್ಲಿಂದ ನನ್ನ ತಲೆ ಕೆಡತೊಡಗಿತು. ಯಾರೋ ತಂಬಿಗೆ ತಂದು ನನ್ನ ಕೈಗೆ ನೀರು ಹಾಕಿದರು. ಎರಡನೇ ಸಲ ಪಲ್ಯ ಕೇಳಿದರೆ ಮುಖ ತಿರುಗಿಸುವ ಊಟದ ಮನೆಗಳಲ್ಲಿ ಬೆಳೆದವನು ನಾನು. ಇಲ್ಲಿ ಬೇಡವೆಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈ ಸರಿಸಿ ಹಾಕುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಅದರ ಮೇಲೆ ಹೋಳಿಗೆ. ಹೋಳಿಗೆಗೆ ಸುರಿದ ತುಪ್ಪದಲ್ಲಿ ಎಮ್ಮೆ ಈಜಬಹುದಿತ್ತು. ಹಬ್ಬವೂ ಇಲ್ಲ, ಹುಣ್ಣಿಮೆಯೂ ಇಲ್ಲ. ಇವರಿಗೆ ಗಿಟ್ಟುವುದು ಹೇಗೆ ಎಂದು ನನಗೇ ಚಿಂತೆಯಾಯಿತು.

ರುಮಾಲಿನವರು ಕೇಳಿದರು, "ಈ ಮನಿ ಗುರ್ತ ನಿನಗ ಹ್ಯಾಂಗಪಾ?"

"ಗೆಳೆಯ ಹೇಳಿದ್ನರಿ ಕಾಕಾ, ಇಲ್ಲಿ ಭಾಳ ಛಲೋ ಅದ ಅಂತ."

"ನಮಗೂ ಹಂಗೇ ಹೇಳ್ಯಾರ. ಅದಕ್ಕೇ ನೋಡಾಕ ಬಂದೀವಿ. ಮತ್ತ, ಅಡಗಿ ಹ್ಯಾಂಗದ?"

ಜನ್ಮದಲ್ಲಿ ಮೊದಲ ಸಲ ಒಬ್ಬ ಹಿರಿಯರು ನನ್ನ ಅಭಿಪ್ರಾಯ ಕೇಳಿದ್ದರು. ಗಂಟಲು ಸರಿ ಮಾಡಿಕೊಂಡೆ.

"ಹೋಳಿಗಿ ಭಾರಿ ಅದರಿ. ಆದ್ರ ಪುಂಡಿಪಲ್ಯಕ್ಕ ಉಪ್ಪ ಜಾಸ್ತಿ ಆಗ್ಯಾದ. ಇವತ್ತ ಯಾರೋ ಹೊಸಬರು ಮಾಡಿದಂಗ ಕಾಣ್ತದ."

ಸಾಲಿನ ಕೈಗಳೆಲ್ಲ ಬಾಯಿಗೂ ತಾಟಿಗೂ ನಡುವೆ ನಿಂತವು. ಒಳಗೆ ಸೌಟು ಬಿದ್ದ ಸದ್ದು. ಯಜಮಾನಿಗೆ ಅಂಜಿ ಎಲ್ಲರೂ ಸುಮ್ಮನಿದ್ದಾರೆ ಎಂದು ತಿಳಿದು ನಾನು ಮುಂದಾಳತ್ವ ವಹಿಸಿಕೊಂಡೆ.

"ಅಂಜಬ್ಯಾಡ್ರಿ, ಹೇಳ್ರಿ. ಗಿರಾಕಿ ಹೇಳಲಿಲ್ಲಂದ್ರ ಅವರಿಗಿ ಹ್ಯಾಂಗ ತಿಳೀಬೇಕು?"

ನಾನು ತಾಟು ಬಳಿದು ಎದ್ದು, ಕೈ ತೊಳೆದು, ದುಡ್ಡು ಕೊಡಲು ಗಲ್ಲಾ ಎಲ್ಲಿದೆ ಎಂದು ಕೇಳಿದೆ. ಯಜಮಾನಿ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದರು.

"ಎಲ್ಲೀ ಗಲ್ಲಾ? ಇವತ್ತ ಖಾನಾವಳಿ ಬಂದ್ ಅದ. ಅವರು ನನ್ನ ಮಗಳನ್ನ ನೋಡಾಕ ಬಂದಾರ. ಅಡಗಿ ಪೂರಾ ಆಕೀನೇ ಮಾಡ್ಯಾಳ."

ಜೇಬಿನಿಂದ ತೆಗೆದ ನೋಟನ್ನು ಹಾಗೇ ಒಳಗಿಟ್ಟೆ. "ಮೊದಲೇ ಹೇಳಬಾರದೇನ್ರಿ?"

"ಹಸಿವಾಗ್ಯಾದ ಅಂದಿ. ಮೂಲ್ಯಾಗ ಕುಂದುರು ಅಂದ್ರ ನೀ ಬೀಗತನ ಮಾಡಾಕ ನಡುವ ಹೋಗಿ ಕುಂತಿ." ಅವರ ಧ್ವನಿ ಇಳಿಯಿತು. "ಹುಡುಗಿಗೂ ಹುಡುಗ ಮನಸಿಗಿ ಬಂದಿದ್ದ. ಊಟ ಆದಮ್ಯಾಲ ಮಾತು ಮುಗಸೋದಿತ್ತು."

ಅಡುಗೆಮನೆಯಲ್ಲಿ ಆ ಹುಡುಗಿ ನಮಗೆ ಬೆನ್ನು ಮಾಡಿ ನಿಂತು, ಅಂಗೈಯಲ್ಲಿ ಪಲ್ಯ ಹಾಕಿಕೊಂಡು ನೆಕ್ಕಿ ನೋಡುತ್ತಿದ್ದಳು.

ಕೆಡಿಸಿದ್ದನ್ನು ನಾನೇ ರಿಪೇರಿ ಮಾಡಬೇಕು ಎನಿಸಿತು. ರಿಪೇರಿ ಮಾಡಲು ಹೋಗಿ ಎಷ್ಟೋ ಮೊಬೈಲುಗಳನ್ನು ಇನ್ನಷ್ಟು ಕೆಡಿಸಿದವನು ನಾನು. ಒಳಗೆ ಹೋಗಿ ರುಮಾಲಿನವರ ಮುಂದೆ ಕೈ ಮುಗಿದೆ.

"ಕಾಕಾ, ನನ್ನ ನಾಲಿಗಿ ನಂಬಬ್ಯಾಡ್ರಿ. ನನಗ ಜ್ವರ ಅದ."

ಅವರು ನನ್ನ ಖಾಲಿ ತಾಟನ್ನು ನೋಡಿದರು. "ಜ್ವರದಾಗ ಇಷ್ಟ ಉಂಡೀಯಾ? ಆರಾಮಿದ್ದಿದ್ರ ನಮಗೇನು ಉಳಸ್ತಿದ್ದಿ?"

ಓಡಿದೆ. ಬಸ್ಸಿನಲ್ಲಿ ಕುಳಿತು ನೋಡಿದರೆ ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಯಾರದೋ.

ಬೇರೆಯವರ ಚಪ್ಪಲಿ ಅಂಗಡಿಯಲ್ಲಿ ನನ್ನನ್ನೇ ದಿಟ್ಟಿಸುತ್ತಿತ್ತು. ಆ ಹುಡುಗಿಯ ಮದುವೆ ಮಾತು ಏನಾಯಿತೋ ಎಂದು ಕೇಳುವ ಧೈರ್ಯ ಬರಲು ಕೆಲವು ವಾರಗಳೇ ಹಿಡಿದವು. ಮತ್ತೆ ಹುಮನಾಬಾದಿಗೆ ಹೋದಾಗ ಚಪ್ಪಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಮೇಜುಗಳು ತಮ್ಮ ಜಾಗಕ್ಕೆ ಬಂದಿದ್ದವು. ಯಜಮಾನಿ ಚಪ್ಪಲಿ ತಿರುಗಿಸಿ ನೋಡಿದರು.

"ಅಯ್ಯ, ಇದು ನಮ್ಮ ಬೀಗರದು."

ಬೀಗರು ಎಂಬ ಮಾತು ಕೇಳಿ ನಾನು ಹತ್ತಿರದ ಮೇಜಿನ ಮುಂದೆ ಕುಳಿತೆ. "ಹಂಗಾದ್ರ ಮಾತು ಮುರೀಲಿಲ್ಲೇನ್ರಿ?"

ಅವರು ರೊಟ್ಟಿ ಹಾಕಿ, ಎದುರಿಗೆ ಕುಳಿತು ಹೇಳಿದರು. "ನೀ ಓಡಿದ ಮ್ಯಾಲ ಎಲ್ಲಾರೂ ಉಪ್ಪ ಬರಾಬರಿ ಅದ ಅಂತ ಸುಳ್ಳ ಹೇಳಾಕ ಹತ್ತಿದ್ರು. ಹುಡುಗ ಒಬ್ಬಾವ, ಜಾಸ್ತಿ ಅದ, ಸ್ವಲ್ಪ ಮಸರ ಹಾಕ್ರಿ ಅಂದು, ಇನ್ನೊಂದು ರೊಟ್ಟಿ ಇಸಗೊಂಡು ಪೂರಾ ಉಂಡ. ಒಳಗ ನನ್ನ ಮಗಳು, ಅವ್ವಾ ಹೂಂ ಅಂತ ಹೇಳು ಅಂದಳು. ಲಗ್ನಕ್ಕ ನೀನೂ ಬಾ ತಮ್ಮಾ. ಆದ್ರ ಯಾರರ ಅಡಗಿ ಹ್ಯಾಂಗದ ಅಂತ ಕೇಳಿದ್ರ, ಲಗೂನ ಬಾಯಾಗ ಒಂದು ತುತ್ತ ಇಟಗೋ."