ಹುಸೇನ್‌ಬಿಯ ಕೈಗಿಟ್ಟ ತೊಟ್ಟು

ಮೂರು ವರ್ಷದ ನನ್ನ ಮಗಳು ಗೌರಿ ಬಾಯಲ್ಲಿದ್ದ ರಬ್ಬರ್ ತೊಟ್ಟನ್ನು ತಾನೇ ತೆಗೆದು ಪಕ್ಕದ ಮನೆಯ ಹುಸೇನ್‌ಬಿಯ ಕೈಗಿಟ್ಟಳು. ಸ್ವಾತಂತ್ರ್ಯ ಬಂದ ಹೊಸತರ ಮಾತಿದು. ಹಗಲೂ ರಾತ್ರಿ ಚೀಪುತ್ತಿದ್ದ ಆ ಹಾಲಿನ ಶೀಸೆಯ ತೊಟ್ಟನ್ನು ಬಿಡಿಸಲು ನಾನು ಬೇವಿನ ರಸ ಹಚ್ಚಿದ್ದೆ, ಬಚ್ಚಿಟ್ಟಿದ್ದೆ, ಹೊಡೆದೂ ಇದ್ದೆ.

ಮಕ್ಕಳಿಲ್ಲದ ಹುಸೇನ್‌ಬಿ ಮೆಲ್ಲಗೆ ಕೇಳಿದ್ದಳಷ್ಟೆ: "ನಮ್ಮ ಆಡಿನ ಮರಿಗೆ ತಾಯಿ ಇಲ್ಲವ್ವಾ. ಹಾಲು ಕುಡಿಸಾಕ ನಿನ್ನ ತೊಟ್ಟು ಕೊಡ್ತೀಯೇನು?"

ಖುಷಿಪಡಬೇಕಾದ ನನಗೆ ಹೊಟ್ಟೆ ಉರಿಯಿತು. "ಮನಿಗೆ ಬಾರೇ" ಎಂದು ಕೂಗಿದೆ. ಹುಸೇನ್‌ಬಿಯ ತೊಡೆಯ ಮೇಲೆ ಕೂತಿದ್ದ ಮಗಳು ತಿರುಗಿಯೂ ನೋಡದೆ, "ನಾ ಒಲ್ಲೆ, ಮರಿ ಹಾಲು ಕುಡಿಯಾಕ ಹತ್ತೈತಿ" ಎಂದಳು.

ಗೌರಿ ಮತ್ತೆಂದೂ ತೊಟ್ಟು ಕೇಳಲಿಲ್ಲ. ಈಗಲೂ ಕುರುಗೋಡಿನ ಗಂಡನ ಮನೆಯಿಂದ ಸಿರುಗುಪ್ಪಕ್ಕೆ ಬಂದರೆ, ಚೀಲ ನನ್ನ ಕೈಗೆ ಕೊಟ್ಟು ಮೊದಲು ಹುಸೇನ್‌ಬಿಯ ಮನೆಗೇ ಓಡುತ್ತಾಳೆ. ನಾನು ಚಹಾಕ್ಕಿಟ್ಟು ಬಾಗಿಲು ನೋಡುತ್ತಾ ಕೂರುತ್ತೇನೆ.