ಬೀಗದ ಕೈಗೂ ಮೊದಲು ಒಂದು ಊಟ

ನಂಜನಗೂಡಿನ ಬಡಾವಣೆಯಲ್ಲಿ ಇನ್ನೂ ಹಾಲಿನವನ ಗಾಡಿಯ ಸದ್ದಿಲ್ಲ. ಮಹದೇವಮ್ಮ ಮಾತ್ರ ಆಗಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೋಫಾದ ಕೆಳಗೆ ತಲೆ ತೂರಿಸಿ, ಬೆಕ್ಕೊಂದರ ಜೊತೆ ರಾಜಿ ಪಂಚಾಯ್ತಿ ನಡೆಸುತ್ತಿದ್ದಾರೆ. "ಬಾರವ್ವ, ನಿಮ್ಮಮ್ಮ ನಾಳೀಕೆ ಬತ್ತಳೆ. ಅಲ್ಲೀಗಂಟ ನಾನೇ ಕಣೆ ನಿಂಗೆ." ಬೆಕ್ಕು ಕೇಳಿಸಿದರೂ ಕೇಳಿಸದ ಹಾಗೆ ಕಾಲು ನೆಕ್ಕಿಕೊಳ್ಳುತ್ತದೆ. ಸಾಕಷ್ಟು ಸತಾಯಿಸಿ, ಕೊನೆಗೆ ತಾನಾಗಿಯೇ ಬಂದು ಅವರ ಮಂಡಿಗೆ ಮೈ ಉಜ್ಜಿ, ಬಟ್ಟಲಿಗೆ ಬಾಯಿ ಹಾಕುತ್ತದೆ.

ಮನೆಯವರಾದ ಶಿವಮೂರ್ತಿ ಮೇಷ್ಟ್ರು ಮತ್ತು ಪವಿತ್ರ ನೆಂಟರ ಮದುವೆಗೆ ಹೋಗಿದ್ದಾರೆ. ಬೀಗದ ಕೈ, ಬೆಕ್ಕು ಎರಡೂ ಮಹದೇವಮ್ಮನ ವಶ.

ಜನ ಊರಿಗೆ ಹೋದಾಗ ಅವರ ಸಾಕುಪ್ರಾಣಿ ನೋಡಿಕೊಳ್ಳುವುದು ಮಹದೇವಮ್ಮನ ಕಸುಬು. ತಿ. ನರಸೀಪುರ ತಾಲ್ಲೂಕಿನ ಮೂಗೂರಿನವರು. ಕಬ್ಬು ಕಡಿದು ಕಡಿದು ಸೊಂಟ ಬಿದ್ದುಹೋದ ಮೇಲೆ ಮೇಷ್ಟ್ರ ಮನೆಗೆಲಸಕ್ಕೆ ಸೇರಿದರು. ಬೆಕ್ಕು ಒಗ್ಗಿತು, ಸುದ್ದಿ ಹಬ್ಬಿತು. ಈಗ ನಂಜನಗೂಡು, ನರಸೀಪುರ ಎಂದು ಬಸ್ಸಿನಲ್ಲೇ ಅರ್ಧ ಬದುಕು. ಊರಲ್ಲಿ ಕೆಲವರು "ನಾಯಿ ಕಾಯೋ ಮಾದೇವಿ" ಎಂದು ಆಡಿಕೊಳ್ಳುತ್ತಾರೆ. ಮಗಳು ಕವನಳಿಗೆ ಅದನ್ನು ಕೇಳಿದರೆ ಮೈ ಉರಿಯುತ್ತದೆ. ತಾಯಿಗೆ ಅಷ್ಟೇನಿಲ್ಲ. "ಕಾಯೋದೇನೋ ಕಾಯ್ತೀನಿ. ಸುಳ್ಳೇನ್ ಏಳಿಲ್ವಲ್ಲ ಅವ್ರು" ಎನ್ನುತ್ತಾರೆ.

ಹೊರಡುವವರಿಗೆ ಮಹದೇವಮ್ಮ ಹೇಳುವ ಮಾತು ಕೇಳಿದರೆ ಮೊದಮೊದಲು ನಗು ಬರುತ್ತದೆ. ಊರಿಗೆ ಹೋಗುವ ಸಡಗರದಲ್ಲಿ ಜನ ಮನೆಯನ್ನೆಲ್ಲ ತೊಳೆದು, ನಾಯಿಗೂ ಸ್ನಾನ ಮಾಡಿಸಿ, ಅದರ ಗೋಣಿತಾಟನ್ನೂ ಒಗೆದು ಹಾಕುತ್ತಾರಂತೆ. "ಅದೇ ತೆಪ್ಪು. ನೀವು ಉಟ್ಟಿ ಬುಟ್ಟಿರೋ ಸೀರೇನ ಒಗೀದೆ ಅದು ಮನಗೋ ಜಾಗದಲ್ಲಿ ಆಕ್ಬುಟ್ಟು ಓಗಿ. ವಾಸ್ನೆ ಇದ್ರೆ ನೀವು ಇದ್ದಂಗೆ. ಅದು ಮನಗಿರುವಾಗ ಇತ್ಲಬಾಗಲಿಂದ ಕಳ್ರಂಗೆ ಓಗ್ಬ್ಯಾಡಿ, ಓಗ್ಬತ್ತೀನಿ ಅಂತ ಮಕಕ್ಕೆ ಏಳಿ. ಪಕ್ಕದ ಮನೇವ್ರಿಗೂ ನಾನು ಯಾರು ಅಂತ ಒಂದ್ ಮಾತು ಏಳ್ಬುಡಿ." ಕಡೆಯ ಮಾತಿಗೆ ಕಾರಣವಿದೆ. ಕೈಯಲ್ಲಿ ಬೀಗದ ಕೈ ಇದ್ದರೂ ಅವರನ್ನು ಗೇಟಿನಲ್ಲಿ ತಡೆದು, ಯಾವ ಊರು, ಯಾವ ಬೀದಿ ಎಂದು ವಿಚಾರಿಸಿದ ಪುಣ್ಯಾತ್ಮರು ಇದ್ದಾರೆ.

ಅವರ ಬೀದಿ ಮೂಗೂರಿನ ಕೊನೆಯದು, ಮನೆಮನೆಯಲ್ಲೂ ಬುದ್ಧನ ಪಟವಿರುವ ಬೀದಿ. ಮೇಲಿನ ಬೀದಿಯಲ್ಲಿ ಮಲ್ಲಾಜಮ್ಮನವರ ಮನೆ. ಮಠಕ್ಕೆ ನಡೆದುಕೊಳ್ಳುವ, ಆಚಾರದ ಮನೆತನ. ಮಲ್ಲಾಜಮ್ಮನವರಿಗೆ ಕೆಂಚನೆಂಬ ನಾಯಿ ಎಂದರೆ ಪ್ರಾಣ. ಅದು ನಡುಮನೆಯಲ್ಲಿ ಅವರ ಪಕ್ಕ ಕೂತು, ಅವರು ಮುರಿದುಕೊಟ್ಟ ಹಿಟ್ಟಿನ ಮುದ್ದೆಯನ್ನೇ ತಿಂದು ಬೆಳೆದದ್ದು.

ಹೋದ ವರ್ಷ ಮನೆಯವರೆಲ್ಲ ಗೃಹಪ್ರವೇಶವೊಂದಕ್ಕೆ ಹೊರಟಾಗ ಮಹದೇವಮ್ಮನನ್ನು ಕರೆದಿದ್ದರು. ಒಳಬಾಗಿಲಿಗೆ ಬೀಗ, ನಾಯಿಗೆ ಜಗುಲಿ, ಮಹದೇವಮ್ಮನಿಗೆ ಗೇಟಿನ ಬೀಗದ ಕೈ. ಕೆಂಚ ಒಳಬಾಗಿಲ ಸಂದಿಗೆ ಮೂತಿ ಒತ್ತಿ ಮಲಗಿದ್ದು ಮೇಲೇಳಲೇ ಇಲ್ಲ. ಮೊಸರನ್ನ ಕಲಸಿಟ್ಟರು, ಹಾಲಿಟ್ಟರು, ಪಕ್ಕದಲ್ಲೇ ಕೂತು ಗೋಗರೆದರು. ಹಸಿವಿನಿಂದ ಅದರ ಪಕ್ಕೆ ಎದ್ದು ಕಂಡಿತು. ಮಲ್ಲಾಜಮ್ಮ ಬಂದವರೇ ನಾಯಿಯನ್ನು ತಬ್ಬಿಕೊಂಡು, "ಏನ್ ಮಾಡ್ದೆ ಮಾದೇವಿ ನನ್ ನಾಯಿಗೆ?" ಎಂದು ಅತ್ತರು. ನನ್ನನ್ನೇ ಒಳಗೆ ಬಿಡದ ಮನೆಯ ನಾಯಿ ನನ್ನ ಕೈಯಲ್ಲಿ ಹೇಗೆ ತಿಂದೀತು ಎಂಬ ಮಾತು ಮಹದೇವಮ್ಮನ ಗಂಟಲವರೆಗೂ ಬಂತು. ನುಂಗಿಕೊಂಡು ಮನೆಗೆ ಬಂದರು. ಆ ಅವಮಾನ ಇವತ್ತಿಗೂ ಆರಿಲ್ಲ.

ಈಗ ಮಲ್ಲಾಜಮ್ಮನವರ ಮಂಡಿ ಆಪರೇಷನ್ನಿಗೆ ಮೈಸೂರಿನಲ್ಲಿ ದಿನ ಗೊತ್ತಾಗಿದೆ. ಗೋಡೆ ಹಿಡಿಯದೆ ಹಿತ್ತಲಿಗೂ ಹೋಗಲಾರರು. ಆದರೂ ಕೆಂಚನನ್ನು ಉಪವಾಸ ಕೆಡವಿ ಹೋಗುವುದಿಲ್ಲ ಎಂದು ಒಂದೇ ಹಟ. ಮಗ ಅಮೃತೇಶ್ ಕೊನೆಗೆ ಮಹದೇವಮ್ಮನಿಗೇ ಫೋನು ಮಾಡಿದರು.

"ಬತ್ತೀನಿ. ಆದ್ರೆ ಓಗಕ್ಕೆ ಮುಂಚೆ, ಕೆಂಚನ ಎದುರಿಗೆ, ನಡುಮನೇಲಿ ನಿಮ್ ಜೊತೆ ಕೂತು ನಾನು ಉಣ್ಬೇಕು" ಎಂದರು ಮಹದೇವಮ್ಮ. "ಮೇಷ್ಟ್ರ ಮನೇಲಿ ಅಂಗೇ ಉಂಡೆ, ಬೆಕ್ಕು ಅವತ್ತೇ ಒಗ್ಗೋಯ್ತು. ಅವ್ರ ಜೊತೆ ಉಣ್ಣೋರ್ನೇ ಅವು ನಂಬೋದು."

ಅಮೃತೇಶ್ ದನಿ ತಗ್ಗಿಸಿದರು. "ಅವ್ವನ್ ಕೇಳ್ಬುಟ್ಟು ಏಳ್ತೀನಿ ಮಾದೇವಕ್ಕ."

ಫೋನು ಇಟ್ಟ ಮೇಲೆ ಮಹದೇವಮ್ಮನಿಗೆ ಕೆಲಸ ತಪ್ಪುವ ಭಯ ಒಂದು ಕಡೆ, ಊರಲ್ಲಿ ಮಾತಾದೀತೆಂಬ ಭಯ ಇನ್ನೊಂದು ಕಡೆ. ನಾಯಿಗೋಸ್ಕರ ಕೇಳಿದ್ದಾ, ನಿನಗೋಸ್ಕರವಾ ಎಂದು ಕವನ ಕೇಳಿದಳು. "ಸುಳ್ಯಾಕೆ ಏಳ್ಲಿ? ಎಲ್ಡಕ್ಕೂ ಕೇಳ್ದೆ."

ಎರಡು ದಿನ ಸುದ್ದಿಯೇ ಇಲ್ಲ. ಮೂರನೆಯ ದಿನ ಒಪ್ಪಿಗೆಯ ಕರೆ ಬಂತು.

ಇವತ್ತು ಮಧ್ಯಾಹ್ನ, ಬೆಕ್ಕಿನ ಪಾಳಿ ಮುಗಿಸಿ ಬಂದ ಮಹದೇವಮ್ಮ ಅಭ್ಯಾಸಬಲದಿಂದ ಜಗುಲಿಯಲ್ಲೇ ನಿಲ್ಲುತ್ತಾರೆ. ಒಳಗಿಂದ ಮಲ್ಲಾಜಮ್ಮನವರ ದನಿ: "ಬಾ ಒಳೀಕೆ." ನಡುಮನೆಯಲ್ಲಿ ಎಲ್ಲರಿಗೂ ಚಾಪೆ, ಮಲ್ಲಾಜಮ್ಮನವರಿಗೆ ಮಾತ್ರ ಕುರ್ಚಿ. ಸೊಸೆ ಶ್ವೇತ ಎಲ್ಲರಿಗೂ ಸ್ಟೀಲಿನ ತಟ್ಟೆ ಇಟ್ಟು, ಮಹದೇವಮ್ಮನ ಮುಂದೆ ಪೇಪರ್ ತಟ್ಟೆ ಇಡುತ್ತಾಳೆ. ಕೇಡು ಬಗೆದಲ್ಲ, ರೂಢಿ ಕೈ ಹಿಡಿದು ಮಾಡಿಸಿದ್ದು. ಮಹದೇವಮ್ಮ ತಲೆ ಎತ್ತುವುದಿಲ್ಲ.

ಮಲ್ಲಾಜಮ್ಮ ಆ ತಟ್ಟೆಯನ್ನು ನೋಡುತ್ತಾರೆ. ನಾಯಿಯನ್ನು ನೋಡುತ್ತಾರೆ. "ಕೆಂಚ ನೋಡ್ತಾ ಅವ್ನೆ ಕಣವ್ವ. ನಮ್ ತಟ್ಟೇನೆ ತಾ" ಎನ್ನುತ್ತಾರೆ.

ತಟ್ಟೆ ಬದಲಾಗುತ್ತದೆ. ಹಿಟ್ಟು, ಅವರೆಕಾಳಿನ ಸಾರು. ಮಲ್ಲಾಜಮ್ಮ ಒಂದು ತುತ್ತು ಮುರಿದು ಮಹದೇವಮ್ಮನ ಕೈಗೆ ಕೊಡುತ್ತಾರೆ. ಮಹದೇವಮ್ಮ ಅದನ್ನು ಕೆಂಚನ ಮುಂದೆ ಹಿಡಿಯುತ್ತಾರೆ. ನಾಯಿ ಯಜಮಾನಿಯ ಮುಖ ನೋಡುತ್ತದೆ, ಕೈ ಮೂಸುತ್ತದೆ, ಮತ್ತೆ ಮುಖ ನೋಡುತ್ತದೆ. ಆಮೇಲೆ ಮೆಲ್ಲಗೆ ಬಾಯಿ ಹಾಕಿ ತಿಂದು, ಬೆರಳನ್ನೂ ನೆಕ್ಕುತ್ತದೆ. ಮಲ್ಲಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಮೈಸೂರಿಗೆ ಓಗಕ್ಕೆ ಗಾಡಿಗೆ ಏಳಪ್ಪ" ಎಂದು ಮಗನಿಗೆ ಹೇಳುತ್ತಾರೆ. ಒಳಬಾಗಿಲ ಬೀಗದ ಕೈಯನ್ನು ತಾವೇ ಮಹದೇವಮ್ಮನಿಗೆ ಕೊಡುತ್ತಾರೆ.

ಸಂಜೆ ಮನೆಗೆ ಮರಳುವ ದಾರಿಯಲ್ಲಿ ಮಹದೇವಮ್ಮನನ್ನು ಸಾರು ಹೇಗಿತ್ತು ಎಂದು ಕೇಳಿದರೆ, ಗಾಬರೀಲಿ ರುಚಿಯೇ ತಿಳೀಲಿಲ್ಲ ಎಂದು ನಗುತ್ತಾರೆ. ಮುಂದೇನು ಆಸೆ ಎಂದರೆ ಮೇಲಿನ ಬೀದಿಯ ಕಡೆ ತಿರುಗಿ ನೋಡುತ್ತಾರೆ.

"ಅವ್ವಾರು ನೆಟ್ಟಗೆ ನಡ್ಕಂಡು ಬರ್ಲಿ. ಆಮೇಕೆ ಒಂದಿನ, ಕೆಂಚ ಎಲ್ಲಾರಾ ಆಚೆ ಓಗಿರುವಾಗ, ಉಣ್ಣಕ್ಕೆ ಬಾ ಅಂತ ನನ್ ಕರೀಲಿ. ಅಷ್ಟೆಯ."