ಜಲಾಶಯದ ದಂಡೆಯಲ್ಲಿ ಅಣ್ಣನ ಎಡೆ

ನಮ್ಮ ಮನೆದೇವರು ಮಲ್ಲಯ್ಯನನ್ನು ನಂಬಿದ ಬಂಧುಗಳೇ, ನಾನು ಹೈದರಾಬಾದಿನಲ್ಲಿ ಓದಿ, ದೇವರಿಲ್ಲವೆಂದು ವಾದಿಸುತ್ತ ಊರಿಗೆ ಮರಳಿದವನು. ನನ್ನ ನೆನಪನ್ನೂ ಪೂರ್ತಿ ನಂಬುವವನಲ್ಲ. ಆದರೂ ಬರೆಯುತ್ತಿದ್ದೇನೆ.

ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಬೇಸಿಗೆಯಲ್ಲಿ ರಜಾಕಾರರ ಭಯಕ್ಕೆ ಸೊಲ್ಲಾಪುರದ ಕಡೆ ಹೋದ ನಮ್ಮಣ್ಣ, ನಿಜಾಮನ ಆಳ್ವಿಕೆ ಮುಗಿದ ಮೇಲೂ ಬರಲಿಲ್ಲ. ಜೊತೆಗೆ ಹೋದವರೆಲ್ಲ ಬಂದರು. ನಾನು ಕಲಬುರಗಿಯಿಂದ ರೈಲು ಹಿಡಿದು ಅಲ್ಲಿನ ನಿರಾಶ್ರಿತರ ಶಿಬಿರ, ಆಸ್ಪತ್ರೆಗಳನ್ನು ಸುತ್ತಿ ಬರಿಗೈಯಲ್ಲಿ ಮರಳಿದೆ.

ಎಳ್ಳ ಅಮಾವಾಸ್ಯೆ ಬಂತು. ಎಲ್ಲರಂತೆ ನಾವೂ ಮನೆಗೆ ಕೀಲಿ ಹಾಕಿ ಹೊಲಕ್ಕೆ ಊಟಕ್ಕೆ ಹೋದೆವು. ಕಮಲಾಪುರದ ಹತ್ತಿರ ಹೊಳೆಗೆ ಕಟ್ಟಿದ ಜಲಾಶಯದ ದಂಡೆಗೇ ನಮ್ಮ ಹೊಲ. ಏರಿಯ ಕೆಳಗಿನ ತೋಟದಲ್ಲಿ ಬಸ್ಸಿನಲ್ಲಿ ಬಂದ ಕಲಬುರಗಿಯ ಸಂಸಾರಗಳು ಬುತ್ತಿ ಬಿಚ್ಚಿದ್ದವು. ಮಕ್ಕಳು ಜೋಕಾಲಿ ಜೀಕುತ್ತಿದ್ದರು.

ನಮ್ಮ ಕಾಕಾ ಅಣ್ಣನ ಹೆಸರಿನಲ್ಲಿ ಸತ್ತವರ ಎಡೆ ಬಡಿಸಿ ಅತ್ತಿಗೆಗೆ ಹೇಳಿದರು, "ಎಡಿ ಆದ ಮ್ಯಾಲ ಕೈಬಳಿ ತಗೀಬೇಕವಾ."

"ಹೆಣ ತೋರಸ್ರಿ ಮಾವಾ. ಆಮ್ಯಾಲ ಬಳಿ ಮಾತಾಡ್ರಿ."

"ಮಂದಿ ಏನಂತಾರ?"

"ಮಂದಿ ಬಳಿ ಮಂದಿ ತಗೀಲಿ."

ನಾನು ನೀರಿನತ್ತ ನಡೆದೆ. "ಮಲ್ಲಯ್ಯಾ, ಇದ್ದರೆ ಅಣ್ಣನನ್ನು ಕಳಿಸು. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ನಿನಗೂ ಇನ್ನು ಎಡೆಯಿಲ್ಲ" ಎಂದೆ. ಬೇಡಿದ್ದಲ್ಲ, ಜಗಳ. ತೋಟದ ಮುಂದೆ ಇನ್ನೊಂದು ಬಸ್ಸು ನಿಂತಿತು. ಕೋಲೂರಿ ಇಳಿದವನು ಅಣ್ಣ.

ಜೊತೆಯವರಿಂದ ಅಗಲಿ, ಕಾಲು ಮುರಿದು, ಸುದ್ದಿ ಕಳಿಸಲಾಗದೆ ನಾನು ಹೋಗದ ಯಾವುದೋ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದನಂತೆ. ಅವ್ವ ಅಳುತ್ತಿದ್ದಳು. ಅವನು ಕೂತು, ಎದುರಿಗಿದ್ದ ಎಡೆಗೆ ಕೈಹಾಕಿದ.

"ಏ, ಅದು ಸತ್ತವರದೋ!" ಕಾಕಾ ಕೂಗಿದರು.

"ಯಾರ್ ಸತ್ತಾರ?"

"ನೀನಽ!" ಎಂದಳು ಅತ್ತಿಗೆ. "ಸುಮ್ನ ಉಣ್ಣು. ಭಜ್ಜಿ ಪಲ್ಯ ಹಾಕ್ಲೇನು?"

ಗೆಳೆಯರು ಈಗಲೂ ಕೆಣಕುತ್ತಾರೆ: "ಅವತ್ತು ಎಲ್ಲಾರೂ ಹೊಲದಾಗ ಇರ್ತಾರಂತ ನಿಮ್ಮಣ್ಣಗ ಗೊತ್ತಿತ್ತು, ಬಂದ. ಮಲ್ಲಯ್ಯಂದೇನು ಕೆಲಸ?" ಒಪ್ಪುತ್ತೇನೆ. ಬಸ್ಸಿನ ಧೂಳು ಕಂಡ ಮೇಲೆಯೇ ನಾನು ಬಾಯಿ ತೆರೆದೆನೋ ಏನೋ. ಅದನ್ನೂ ಆಣೆ ಮಾಡಿ ಹೇಳಲಾರೆ. ಆದರೆ ಕಾಕಾನ ಕೈ ಅತ್ತಿಗೆಯ ಮುಂಗೈ ಮುಟ್ಟುವ ಮೊದಲು ಆ ಬಸ್ಸು ಬಂತು. ಅಷ್ಟು ಹೊತ್ತು ಆ ಹೆಣ್ಣುಮಗಳನ್ನು ಗಟ್ಟಿಯಾಗಿ ನಿಲ್ಲಿಸಿದ್ದು ಯಾವುದೋ, ಅದನ್ನೇ ನಾನು ಮಲ್ಲಯ್ಯ ಅನ್ನುತ್ತೇನೆ. ನಗುವವರು ನಗಲಿ. ನಾನು ಕೈಮುಗಿಯುತ್ತಲೇ ಇರುತ್ತೇನೆ.